ದೊಡ್ಡಪ್ಪನ ಫೋನಿಗೊಂದು ಕೈಪಿಡಿ

ಮೊದಲಿಗೆ

ದೊಡ್ಡಪ್ಪಾ, ಹೋದ ಭಾನುವಾರ ಮುಕ್ಕಾಲು ಗಂಟೆ ನಾವಿಬ್ಬರೂ ಫೋನಿನಲ್ಲಿ ಫೋನಿನ ಬಗ್ಗೆಯೇ ಮಾತಾಡಿದೆವು. "ಕೆಳಗಡೆ ಒಂದು ಪಿನ್ನಿನ ಚಿತ್ರ ಕಾಣ್ತದಾ?" ಅಂತ ನಾನು ಕೇಳಿದರೆ ನೀವು ನೋಡಲೆಂದು ಫೋನನ್ನು ಕಿವಿಯಿಂದ ತೆಗೆಯುತ್ತಿದ್ದಿರಿ. ತೆಗೆದಾಗ ನಾನು ಹೇಳಿದ್ದು ಕೇಳುತ್ತಿರಲಿಲ್ಲ. ಕೇಳಲೆಂದು ಕಿವಿಗಿಟ್ಟರೆ ಪಿನ್ನು ಕಾಣುತ್ತಿರಲಿಲ್ಲ. ಸ್ಪೀಕರ್‌ಗೆ ಹಾಕಿ ಎಂದೆ. ಸ್ಪೀಕರ್ ಎಲ್ಲಿದೆ ಎಂದು ಹುಡುಕಲು ಮತ್ತೆ ಕಿವಿಯಿಂದ ತೆಗೆಯಬೇಕಾಯಿತು. ನಡುವೆ ಕೆನ್ನೆ ತಾಗಿ ಎರಡು ಸಲ ಕರೆ ಕಟ್ಟಾಯಿತು. ಒಂದು ಸಲ ಗೊಬ್ಬರದ ಅಂಗಡಿಯವರು ನಮ್ಮ ಮಾತಿನೊಳಗೆ ಬಂದು "ಯಾರು? ಎಷ್ಟು ಚೀಲ?" ಎಂದು ಕೇಳಿ ಹೋದರು. ಕೊನೆಗೆ ನೀವೇ ಹೇಳಿದಿರಿ: "ಒಂದು ಕಾಗದ ಬರ್ದು ಹಾಕು ಮಾರಾಯ. ಓದ್ಕಂಡು ಮಾಡ್ತೀನಿ."

ಇದು ಆ ಕಾಗದ. ಫೋನಿನ ಪೆಟ್ಟಿಗೆಯಲ್ಲೂ ಒಂದು ಕೈಪಿಡಿ ಇತ್ತು. ನೀವು ಅದನ್ನು ಕಪಾಟಿನಲ್ಲಿ ಪಹಣಿಗಳ ಜೊತೆ ಜೋಪಾನ ಮಾಡಿದ್ದೀರಿ. ಅಲ್ಲೇ ಇರಲಿ. ಫೋನನ್ನು ಬೆಂಕಿಗೆ ಹಾಕಬಾರದು, ನೀರಿನಲ್ಲಿ ಮುಳುಗಿಸಬಾರದು, ಜಜ್ಜಬಾರದು ಎಂದು ಅದರಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದೆ. ಐವತ್ತು ವರ್ಷ ತೋಟ ಮಾಡಿದ ಮನುಷ್ಯನಿಗೆ ಅಷ್ಟು ತಿಳಿಯುತ್ತದೆ. ಸರಿಯಾಗಿ ತಿಳಿಯದೆ ಉಳಿದದ್ದು ಎರಡು. ಅಡಿಕೆ ಸೋಗೆಗೆ ಬಂದ ಚುಕ್ಕಿಯ ಫೋಟೋವನ್ನು ಶಿವಮೊಗ್ಗದ ವಿಜ್ಞಾನಿಗೆ ಕಳಿಸುವುದು ಹೇಗೆ; ನಿಮ್ಮ ಫೋನಿನ ಇಂಟರ್ನೆಟ್ಟನ್ನು ಪಕ್ಕದ ಮನೆ ಹುಡುಗಿಗೆ ಹಂಚುವುದು ಹೇಗೆ. ಈ ಕೈಪಿಡಿಯ ವ್ಯಾಪ್ತಿ ಅಷ್ಟೇ. ಕರೆನ್ಸಿ ಹಾಕುವುದು, ದೊಡ್ಡಮ್ಮನ ಸೀರಿಯಲ್ಲಿನ ತಪ್ಪಿಹೋದ ಕಂತು ಹುಡುಕುವುದು, ಇವಕ್ಕೆ ಬೇರೆ ಸಂಪುಟ ಬರಲಿದೆ. ಬರದೆಯೂ ಇರಬಹುದು.

ಬೇಕಾಗುವ ಸಾಮಾನು

ಫೋನು, ಒಂದು. ಚಾರ್ಜು, ಅರ್ಧಕ್ಕಿಂತ ಮೇಲೆ. ಒಗೆದ ಬಟ್ಟೆ, ಒಂದು ತುಂಡು.

ಬಟ್ಟೆ ಯಾಕೆ ಅಂದರೆ, ಹಿಂದಿನ ತಿಂಗಳು ನೀವು ಕಳಿಸಿದ ಫೋಟೋಗಳಲ್ಲಿ ಮನೆ, ದನ, ದೊಡ್ಡಮ್ಮ ಎಲ್ಲರೂ ಬೆಳ್ಳನೆ ಮಂಜಿನೊಳಗೆ ನಿಂತಿದ್ದರು, ಹಳೇ ಸಿನಿಮಾದಲ್ಲಿ ನಾಯಕಿಗೆ ಕನಸು ಬೀಳುವಾಗ ಇರುತ್ತದಲ್ಲ, ಹಾಗೆ. ಆಗುಂಬೆಯ ಮಂಜು ನಮ್ಮ ಅಂಗಳದ ತನಕ ಇಳಿಯಿತೇ ಎಂದುಕೊಂಡೆ. ಊರಿಗೆ ಬಂದು ನೋಡಿದರೆ ಅದು ಕವಳದ ಸುಣ್ಣ. ಎಲೆಗೆ ಸುಣ್ಣ ಹಚ್ಚಿದ ಬೆರಳಲ್ಲೇ ಫೋನಿನ ಬೆನ್ನು ಹಿಡಿಯುತ್ತೀರಿ; ಕ್ಯಾಮೆರಾದ ಕಣ್ಣಿರುವುದೂ ಸರಿಯಾಗಿ ಆ ಬೆರಳು ಕೂರುವ ಜಾಗದಲ್ಲೇ. ಕವಳ ಬಿಡಿ ಎನ್ನುವಷ್ಟು ದೊಡ್ಡವನು ನಾನಲ್ಲ. ಒರೆಸಿಕೊಳ್ಳಿ.

ಇನ್ನೊಂದು ಸಾಮಾನು ಟವರ್. ಇದು ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮನೆಯಲ್ಲಿ ಸಿಗುವ ಜಾಗಗಳನ್ನು ದೀಪಾವಳಿಗೆ ಬಂದಾಗ ಗುರುತು ಮಾಡಿಕೊಂಡಿದ್ದೇನೆ. ದಣಪೆಯ ಬಲಗಡೆ ಕಂಬದ ಹತ್ತಿರ ಎರಡು ಕಡ್ಡಿ. ಕಣದಲ್ಲಿ, ಅಡಿಕೆ ಒಣಗಿಸುವ ಅಟ್ಟ ಹತ್ತಿ ನಿಂತರೆ, ಮೂರು. ಕೊಟ್ಟಿಗೆ ಹಿಂದಿನ ಹಲಸಿನ ಮರದ ಬುಡದಲ್ಲಿ ನಾಲ್ಕೂ ಸಿಗುತ್ತದೆ, ಆದರೆ ಹಣ್ಣಿನ ಕಾಲದಲ್ಲಿ ತಲೆ ಜೋಪಾನ. ಜಗುಲಿಯಲ್ಲಿ ಇಲ್ಲವೇ ಇಲ್ಲ. ದೇವರ ಕೋಣೆಯಲ್ಲಿ ಒಂದು ಅಮಾವಾಸ್ಯೆ ದಿನ ಸಿಕ್ಕಿತ್ತು ಎಂದು ದೊಡ್ಡಮ್ಮ ಹೇಳುತ್ತಾರೆ. ಅದಕ್ಕೆ ತಾಂತ್ರಿಕ ವಿವರಣೆ ನನ್ನಲ್ಲಿಲ್ಲ. ಕರೆಂಟು ಹೋದ ಮೇಲೆ ಗುಡ್ಡದ ಟವರು ತನ್ನ ಬ್ಯಾಟರಿಯಲ್ಲಿ ಸ್ವಲ್ಪ ಹೊತ್ತು ಉಸಿರು ಹಿಡಿದುಕೊಂಡಿರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕರೆಂಟು ಹೋದ ಕೂಡಲೇ ಬೆಂಕಿಪೊಟ್ಟಣ ಹುಡುಕಬೇಡಿ. ಮೊದಲು ಕಳಿಸಬೇಕಾದ್ದನ್ನು ಕಳಿಸಿಬಿಡಿ, ದೀಪ ಆಮೇಲೆ ಹಚ್ಚಿದರಾಯಿತು.

ಫೋಟೋ ತೆಗೆಯುವುದು

ರೋಗ ಬಂದ ಸೋಗೆ ಮರದ ತುದಿಯಲ್ಲಿದೆ, ನೀವು ಬುಡದಲ್ಲಿದ್ದೀರಿ, ನಡುವೆ ನಲವತ್ತು ಅಡಿ ಅಡಿಕೆ ಮರ. ಇದಕ್ಕೆ ಸರಿಯಾದ ಕ್ರಮ: ಅಡಿಕೆ ಕೊಯ್ಯುವ ಕೊನೆಗೌಡ ಬಂದಾಗ ಒಂದು ಸೋಗೆ ಇಳಿಸಿಕೊಡಲು ಹೇಳಿ, ಕಣದಲ್ಲಿ ಬೆಳಗಿನ ಬೆಳಕಿಗೆ ಹಾಸಿ.

ತಪ್ಪು ಕ್ರಮ: ಔಷಧಿ ಹೊಡೆಯುವ ಕಾರ್ಬನ್ ದೋಟಿಯ ತುದಿಗೆ ಬಾಳೆನಾರಿನಲ್ಲಿ ಫೋನು ಕಟ್ಟಿ, ವಿಡಿಯೋ ಚಾಲೂ ಮಾಡಿ, ಮೇಲಕ್ಕೆ ಎತ್ತುವುದು. ನೀವು ಎತ್ತಿದ್ದನ್ನು ನಾನು ಕಂಡಿಲ್ಲ, ಆದರೆ ಆ ವಿಡಿಯೋ ಕಂಡಿದ್ದೇನೆ. ಒಟ್ಟು ಹನ್ನೊಂದು ನಿಮಿಷ. ಮೊದಲನೇ ನಿಮಿಷ ಪೂರ್ತಿ ನಿಮ್ಮ ಮೂಗು. ಆಮೇಲೆ ಆಕಾಶ, ಸೋಗೆ, ಆಕಾಶ. ನಾಲ್ಕನೇ ನಿಮಿಷದಲ್ಲಿ ಒಂದು ಅಳಿಲು ಬಂದು ಮೂಸಿ ನೋಡಿ ಹೋಗುತ್ತದೆ. ಇಡೀ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿದ ಮುಖ ಅದೊಂದೇ. ಹಿನ್ನೆಲೆಯಲ್ಲಿ ದೊಡ್ಡಮ್ಮನ ದನಿ: "ಬಿದ್ರೆ ಹದಿನೆಂಟು ಸಾವ್ರ ರೀ!" ಹದಿನೆಂಟು ಸಾವಿರ ಅಂದದ್ದು ಫೋನಿನ ಲೆಕ್ಕ. ದೋಟಿ ಹಿಡಿದುಕೊಂಡು ಹಿಂದೆ ಹಿಂದೆ ಸರಿಯುತ್ತ ನೀವು ಬಸಿಗಾಲುವೆಯ ಅಂಚಿಗೆ ಬಂದಿದ್ದಿರಿ, ಆ ಲೆಕ್ಕ ಅವರು ಹಾಕಿದಂತಿಲ್ಲ.

ಸೋಗೆ ಹಾಸಿದ ಮೇಲೆ ಒಂದು ಗೇಣು ದೂರದಿಂದ ತೆಗೆಯಿರಿ. ಗಾಜಿನ ಮೇಲೆ ಚುಕ್ಕಿ ಕಾಣುವ ಜಾಗವನ್ನು ಬೆರಳಲ್ಲಿ ಒಮ್ಮೆ ಮುಟ್ಟಿ, ಒಂದು ಉಸಿರು ಕಾಯಿರಿ, ಆಮೇಲೆ ಒತ್ತಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಚುಕ್ಕಿ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಾಗುತ್ತದೆ. ಎರಡು ಬೆರಳು ಅಗಲಿಸಿ ದೊಡ್ಡದು ಮಾಡಿಕೊಳ್ಳಬೇಡಿ. ಅದು ಹತ್ತಿರ ಹೋದಂತೆ ಅಲ್ಲ. ದೂರದಲ್ಲೇ ನಿಂತು ಇದ್ದದ್ದನ್ನು ಎಳೆದು ಹಿಗ್ಗಿಸಿದಂತೆ.

ಕಳಿಸುವುದು: ಹಳೆಯ ದಾರಿ

ಫೋಟೋದ ಕೆಳಗೆ 'ಹಂಚು' ಎಂಬ ಗುರುತು ಒತ್ತಿದರೆ ಹತ್ತೆಂಟು ದಾರಿ ತೆರೆಯುತ್ತದೆ. ನೀವು ಮೊದಲ ಸಲ ಆರಿಸಿದ್ದು 'ಮೆಸೇಜ್'. ಹೆಸರು ನೋಡಿದರೆ ತಪ್ಪಿಲ್ಲ. ಆದರೆ ಆ ದಾರಿಯಲ್ಲಿ ಹೋಗುವುದು ಎಂಎಂಎಸ್ ಎಂಬ ಮುದುಕ. 2002ರಲ್ಲಿ ಯೂರೋಪಿನಲ್ಲಿ ಚಾಲ್ತಿಗೆ ಬಂದ ಪದ್ಧತಿ. ಒಂದೊಂದು ಚಿತ್ರಕ್ಕೂ ಪ್ರತ್ಯೇಕ ಕಾಸು ಕೀಳುತ್ತದೆ. ಬಹಳ ಕಡೆ ಅದು ಹೊರಬಲ್ಲ ಮೂಟೆಯ ತೂಕ 300 ಕಿಲೋಬೈಟ್. ನಿಮ್ಮ ಫೋನು ತೆಗೆಯುವ ಒಂದು ಫೋಟೋ ಅದರ ಹತ್ತು ಹನ್ನೆರಡು ಪಟ್ಟು.

ನಿಮ್ಮ ಅಳಿಯ ಆ ಕಾಲದಲ್ಲಿ ಅಮೆರಿಕದಿಂದ ಐಫೋನ್ ತಂದು ಜಗುಲಿಯಲ್ಲಿ ಎಲ್ಲರ ಕೈಗೂ ಕೊಟ್ಟು ತೋರಿಸಿದ್ದರಲ್ಲ, ಅದರಲ್ಲಿ ಈ ಮುದುಕನೂ ಇರಲಿಲ್ಲ. 2007ರ ಮೊದಲ ಐಫೋನಿಗೆ ಚಿತ್ರಸಂದೇಶ ಕಳಿಸಲು ಬರುತ್ತಿರಲಿಲ್ಲ. ಎರಡು ವರ್ಷ ಕಳೆದು, 2009ರ ಜೂನ್‌ನಲ್ಲಿ ಬಂದ ಮೂರನೇ ಆವೃತ್ತಿಯ ತಂತ್ರಾಂಶದಲ್ಲಿ ಚಿತ್ರಸಂದೇಶ, ಇಂಟರ್ನೆಟ್ ಹಂಚಿಕೆ ಎರಡೂ ಒಟ್ಟಿಗೇ ಬಂದವು. ಬಂದವು ಅಂದರೆ ಕಾಗದದ ಮೇಲೆ. ಅಮೆರಿಕದ ಗಿರಾಕಿಗಳು ಚಿತ್ರಕ್ಕೆ ಸೆಪ್ಟೆಂಬರ್ ತನಕ, ಹಂಚಿಕೆಗೆ ಮುಂದಿನ ವರ್ಷದ ತನಕ ಕಾದರು. ಹಾಗಾಗಿ, ಒಂದು ಫೋಟೋ ಕಳಿಸಲು ನನಗೆ ಮೂರು ವಾರ ಹಿಡಿಯಿತು ಎಂದು ನೀವು ನಾಚಿಕೆಪಡಬೇಕಾಗಿಲ್ಲ.

ಫೋನಿನಲ್ಲಿ ಚಿತ್ರ ಕಳಿಸುವ ಈ ಗೀಳು ಹುಟ್ಟಿದ್ದು ಒಂದು ಹೆರಿಗೆ ಕೋಣೆಯಲ್ಲಿ. 1997ರ ಜೂನ್ 11, ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್. ಫಿಲಿಪ್ ಕಾನ್ ಎಂಬ ತಂತ್ರಜ್ಞನ ಹೆಂಡತಿಗೆ ಹೆರಿಗೆ ನೋವು. ಆತ ಅಲ್ಲೇ ಕೂತು ಒಂದು ಡಿಜಿಟಲ್ ಕ್ಯಾಮೆರಾ, ಒಂದು ಮೊಬೈಲ್, ಒಂದು ಲ್ಯಾಪ್‌ಟಾಪ್ ಮೂರನ್ನೂ ಜೋಡಿಸಿ, ಹುಟ್ಟಿದ ಮಗಳ ಚಿತ್ರವನ್ನು ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ತಲುಪಿಸಿದ. ಈ ಕಥೆ ಹೇಳಿದಾಗ ದೊಡ್ಡಮ್ಮ ಒಂದೇ ಪ್ರಶ್ನೆ ಕೇಳಿದರು: "ಅವ್ಳು ನೋವು ತಿಂತಿರಬೇಕಾದ್ರೆ ಇವ್ನು ವಯರ್ ಕಟ್ತಾ ಇದ್ನಾ?" ತಂತ್ರಜ್ಞಾನದ ಇತಿಹಾಸಕಾರರು ಕೇಳಬೇಕಿದ್ದ ಪ್ರಶ್ನೆ ಅದು.

ಕಳಿಸುವುದು: ಹೊಸ ದಾರಿ, ಮತ್ತು ಚುಕ್ಕಿ ಕಳೆದುಹೋದ ಬಗೆ

ಈಗ ಎಲ್ಲರೂ ಹೋಗುವ ದಾರಿ ವಾಟ್ಸ್ಆ್ಯಪ್. ಪಿನ್ನು ಒತ್ತಿ, ಫೋಟೋ ಆರಿಸಿ, ಬಾಣ ಒತ್ತಿದರೆ ಹೋಯಿತು. ನೀವೂ ಹಾಗೆಯೇ ಕಳಿಸಿದಿರಿ. ವಿಜ್ಞಾನಿಯ ಉತ್ತರವೂ ಬಂತು: "ಸೋಗೆ ಆರೋಗ್ಯವಾಗಿ ಕಾಣುತ್ತಿದೆಯಲ್ಲ?"

ನೀವು ಸಿಟ್ಟಾದಿರಿ. "ಕಣ್ಣಿಲ್ವನಾ ಅವ್ರಿಗೆ?" ಅಂದಿರಿ. ಅವರಿಗೆ ಕಣ್ಣಿದೆ ದೊಡ್ಡಪ್ಪ. ಅವರಿಗೆ ತಲುಪಿದ ಚಿತ್ರದಲ್ಲಿ ಚುಕ್ಕಿ ಇರಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಡೀ ಕೈಪಿಡಿಯಲ್ಲಿ ತಿಳಿದುಕೊಳ್ಳುವಂಥ ವಿಷಯ ಏನಾದರೂ ಇದ್ದರೆ ಇದೇ.

ನಿಮ್ಮ ಫೋಟೋ ಉದ್ದದಲ್ಲಿ 4000, ಅಗಲದಲ್ಲಿ 3000, ಒಟ್ಟು 1 ಕೋಟಿ 20 ಲಕ್ಷ ಬಣ್ಣದ ಬಿಂದುಗಳ ಹಾಸು. ಅಷ್ಟನ್ನೂ ಹೊತ್ತರೆ ದಾರಿ ಸಾಗದು ಎಂದು ಆ್ಯಪು ಹೊರಡುವ ಮೊದಲೇ ಚಿತ್ರವನ್ನು ಕುಗ್ಗಿಸುತ್ತದೆ. ನೀವು ಬೇರೆ ಹೇಳದಿದ್ದರೆ ಉದ್ದ 1600ರ ಆಸುಪಾಸಿಗೆ ಇಳಿಯುತ್ತದೆ. ಆಗಲೇ ಆರರಲ್ಲಿ ಐದು ಪಾಲು ಹೋಯಿತು. ಉಳಿದದ್ದನ್ನು ಎಂಟಕ್ಕೆ ಎಂಟರ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕಕ್ಕೆ 64 ಬಿಂದು. ಪ್ರತಿ ಚೌಕದಲ್ಲಿ ದಪ್ಪ ಏರಿಳಿತ ಎಷ್ಟು, ಸಣ್ಣ ಏರಿಳಿತ ಎಷ್ಟು ಎಂದು ತೂಗುತ್ತದೆ. ತೂಗಿದ ಮೇಲೆ ದಪ್ಪದ್ದನ್ನು ಇಟ್ಟುಕೊಂಡು ನವುರಾದದ್ದನ್ನು ಚೆಲ್ಲುತ್ತದೆ. ಮನುಷ್ಯರ ಕಣ್ಣಿಗೆ ಸಣ್ಣ ಏರಿಳಿತ ಅಷ್ಟಾಗಿ ತಿಳಿಯುವುದಿಲ್ಲ ಎಂಬ ನಂಬಿಕೆಯ ಮೇಲೆ ನಡೆಯುವ ವ್ಯವಹಾರ ಇದು. ಮುಖ, ಮದುವೆ ಮಂಟಪ, ಸೂರ್ಯಾಸ್ತ, ಹೋಳಿಗೆ, ಇವೆಲ್ಲ ದಪ್ಪ ಏರಿಳಿತದ ವಸ್ತುಗಳು, ಏನೂ ಆಗುವುದಿಲ್ಲ. ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವವರನ್ನು ನೋಡಿದ್ದೀರಿ. ಇಲ್ಲಿಯೂ ವಿಂಗಡಣೆಯೇ. ವ್ಯತ್ಯಾಸ ಒಂದೇ: ಮಂಡಿಯವರು ಗೊರಬಲು ಪಕ್ಕಕ್ಕೆ ಸರಿಸುತ್ತಾರೆ, ಇದು ಸರಕನ್ನು.

ಎಲೆಚುಕ್ಕಿ ರೋಗ ಅಂದರೆ ಹಸಿರು ಗರಿಯ ಮೇಲೆ ಹಳದಿ ಅಂಚಿನ ಕಂದು ಚುಕ್ಕಿ. ಶುರುವಿನಲ್ಲಿ ಸಾಸಿವೆ ಕಾಳಿನಷ್ಟು. ಗಣಿತದ ಕಣ್ಣಿಗೆ ಅದೇ 'ನವುರಾದದ್ದು'. ಮೊದಲು ಚೆಲ್ಲಿದ್ದೇ ಅದನ್ನು. ನಿಮ್ಮ ತೋಟಕ್ಕೆ ಬಂದ ರೋಗವನ್ನು ಫೋನು ಒಂದೇ ಕ್ಷಣದಲ್ಲಿ ವಾಸಿ ಮಾಡಿ ಶಿವಮೊಗ್ಗಕ್ಕೆ ಕಳಿಸಿತು. ಬೋರ್ಡೋ ದ್ರಾವಣಕ್ಕೂ ಈ ಶಕ್ತಿ ಇಲ್ಲ.

ಇದನ್ನು ಮಾಡಿದವರನ್ನು ಬೈಯುವ ಮೊದಲು ಒಂದು ವಿಷಯ. ಈ ದಪ್ಪ-ಸಣ್ಣ ತೂಗುವ ಲೆಕ್ಕವನ್ನು ಕಂಡುಹಿಡಿದವರು ನಮ್ಮ ಬೆಂಗಳೂರಲ್ಲಿ ಹುಟ್ಟಿದವರು. ನಾಸಿರ್ ಅಹ್ಮದ್, ಹುಟ್ಟಿದ್ದು 1940ರಲ್ಲಿ, ಕೆ.ಆರ್. ಸರ್ಕಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಈ ಯೋಚನೆ ಹಿಡಿದು ಸಂಶೋಧನೆಗೆ ಹಣ ಕೊಡಿ ಎಂದು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಕೇಳಿದರೆ, ವಿಷಯ ತೀರಾ ಸರಳವಾಯಿತು ಎಂಬ ಆಕ್ಷೇಪ ಬಂದು ಹಣ ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದರು. 1992ರಲ್ಲಿ ಬಂದ ಜೆಪೆಗ್ ಮಾನದಂಡ ನಿಂತಿರುವುದು ಅದರ ಮೇಲೆ. ಕುಟುಂಬದ ಗುಂಪಿನಲ್ಲಿ ಬೆಳಗ್ಗೆ ಐದೂವರೆಗೆ ನೀವು ಹಾಕುವ ಗುಲಾಬಿ ಹೂವಿನ ಶುಭೋದಯವೂ ಆ ಲೆಕ್ಕದ ಮೇಲೆಯೇ ತೇಲಿ ಬರುತ್ತದೆ. ಕೆ.ಆರ್. ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ ನನಗೆ ಇದು ನೆನಪಾಗಿ, ಆ ಕಾಲೇಜಿನ ಕಲ್ಲಿನ ಕಟ್ಟಡ ನೋಡುತ್ತೇನೆ. ನನ್ನ ಸುತ್ತ ನಿಂತವರೆಲ್ಲ ತಲೆ ತಗ್ಗಿಸಿ ಚಿತ್ರ ಕಳಿಸುತ್ತಿರುತ್ತಾರೆ.

ಪರಿಹಾರ: ಫೋಟೋವನ್ನು ಫೋಟೋ ಎಂದು ಕಳಿಸಬೇಡಿ. ಪಿನ್ನು ಒತ್ತಿದಾಗ 'ಡಾಕ್ಯುಮೆಂಟ್' ಎಂಬುದು ಸಿಗುತ್ತದೆ. ಅದರೊಳಗೆ ಹೋಗಿ ಅದೇ ಚಿತ್ರ ಆರಿಸಿ. ಕಾಗದಪತ್ರ ಎಂದು ಹೇಳಿದರೆ ಆ್ಯಪು ಕೈ ಹಾಕುವುದಿಲ್ಲ, ಇದ್ದಹಾಗೆಯೇ ಒಯ್ಯುತ್ತದೆ. ಕಛೇರಿಗಳಲ್ಲಿ ಮನುಷ್ಯನಿಗಿಂತ ಅವನ ಕಾಗದಕ್ಕೆ ಮರ್ಯಾದೆ ಜಾಸ್ತಿ ಎಂದು ನೀವೇ ಹೇಳುತ್ತಿರಲಿಲ್ಲವೇ, ಫೋನಿಗೂ ಆ ಅಭ್ಯಾಸ ಇದೆ. ಕ್ಯಾಮೆರಾದಲ್ಲಿ ಸ್ಥಳದ ಗುರುತು ಚಾಲೂ ಇದ್ದರೆ ಈ ದಾರಿಯಲ್ಲಿ ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಚಿತ್ರದ ಹೊಟ್ಟೆಯೊಳಗೇ ಕೂತು ಹೋಗುತ್ತದೆ. ವಿಜ್ಞಾನಿಗೆ ಅದರಿಂದ ಉಪಯೋಗವೇ. ಹೊಸ ಕೊಟ್ಟಿಗೆಯ ಫೋಟೋವನ್ನು ಗಡಿ ತಕರಾರಿನ ಪಕ್ಕದ ತೋಟದವರಿಗೆ ಈ ದಾರಿಯಲ್ಲಿ ಕಳಿಸಬೇಡಿ, ಅಷ್ಟೇ.

ಯಾರಿಗೆ ಕಳಿಸುತ್ತಿದ್ದೀರಿ ಎಂದು ನೋಡಿಕೊಳ್ಳುವುದು

ಈ ಸೂಚನೆಯನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತು.

ಒಣಗಿ ಜೋತುಬಿದ್ದ ಸೋಗೆಯ ಫೋಟೋವನ್ನು ನೀವು ವಿಜ್ಞಾನಿಗೆಂದು ಕಳಿಸಿದ್ದು ಕುಟುಂಬದ ಗುಂಪಿಗೆ ಹೋಯಿತು. ಗುಂಪಿನಲ್ಲಿ ನಲವತ್ತಮೂರು ಜನ. ಹೋಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ಮೈಕಿನ ಗುರುತು ಒತ್ತಿ "ಹೋಯ್ತಾ?" ಎಂದು ಕೇಳಿದಿರಿ. ಫೋನು ಅದನ್ನು ಕೇಳಿಸಿಕೊಂಡು ಬರೆದದ್ದು: "ಹೋಯ್ತು".

ಚಿತ್ರದಲ್ಲಿ ಒಣಗಿದ ಸೋಗೆ, ಕೆಳಗೆ 'ಹೋಯ್ತು', ಕಳಿಸಿದವರು ಮನೆಯ ಹಿರಿಯರು. ಮೊದಲ ಐದು ನಿಮಿಷ ಗುಂಪು ಸ್ತಬ್ಧ. ಆಮೇಲೆ ಹೊಸನಗರದ ಭಾವ ಕೈ ಮುಗಿದ ಗುರುತು ಹಾಕಿದರು. ಅದನ್ನು ನೋಡಿ ದಾವಣಗೆರೆಯ ಚಿಕ್ಕಪ್ಪ "ಓಂ ಶಾಂತಿ" ಹಾಕಿದರು. ಓಂ ಶಾಂತಿ ಒಮ್ಮೆ ಬಿದ್ದರೆ ಕೇಳಬೇಕೇ, ಹದಿನಾಲ್ಕು ಬಿತ್ತು. ಸತ್ತವರು ಯಾರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ, ತನಗೆ ಮಾತ್ರ ಗೊತ್ತಿಲ್ಲ ಎಂದಾಗಿಬಿಟ್ಟರೆ? ಮೈಸೂರಿನ ಅತ್ತೆ ನಿವೃತ್ತ ಕನ್ನಡ ಮೇಡಂ. ವ್ಯಾಕರಣದಿಂದಲೇ ಶವಪರೀಕ್ಷೆ ನಡೆಸಿದರು. "ಹೋದರು" ಅಂತಿಲ್ಲ, ಆದ್ದರಿಂದ ಹಿರಿಯರಲ್ಲ. "ಹೋದ" ಅಂತಲೂ ಇಲ್ಲ, "ಹೋದಳು" ಅಂತಲೂ ಇಲ್ಲ. ನಪುಂಸಕಲಿಂಗ. ಆದ್ದರಿಂದ ಕೊಟ್ಟಿಗೆಯ ಗೌರಿ. ಹೊಟ್ಟೆಯಲ್ಲಿದ್ದ ಕರುವೂ ಹೋಯಿತೋ ಏನೋ ಎಂದು ಅವರು ಅಳುತ್ತ ದೊಡ್ಡಮ್ಮನಿಗೆ ಫೋನು ಮಾಡಿದಾಗ ದೊಡ್ಡಮ್ಮ ಅದೇ ಗೌರಿಯ ಹಾಲು ಕರೆಯುತ್ತಿದ್ದರಂತೆ. ಬಸುರಿ ದನ ಹಾಲು ಕರೆಯುತ್ತಿರುವುದು ಹೇಗೆ ಎಂಬ ಹೊಸ ಚರ್ಚೆ ಅಲ್ಲಿಂದ ಶುರುವಾಗಿ ಎರಡು ದಿನ ನಡೆಯಿತು.

ಆದ್ದರಿಂದ: ಬಾಣ ಒತ್ತುವ ಮೊದಲು ಮೇಲ್ಗಡೆ ಇರುವ ಹೆಸರು ಓದಿ. ತಪ್ಪಿ ಹೋದರೆ ಅದರ ಮೇಲೆ ಬೆರಳು ಒತ್ತಿ ಹಿಡಿದು 'ಎಲ್ಲರಿಗೂ ಅಳಿಸು' ಎಂಬುದನ್ನು ಆರಿಸಬಹುದು. ಅಳಿಸಿದ್ದೀರಿ ಎಂಬ ಸುದ್ದಿ ಮಾತ್ರ ಅಲ್ಲಿ ಉಳಿಯುತ್ತದೆ, ಏನು ಅಳಿಸಿದರು ಎಂದು ಮೈಸೂರಿನ ಅತ್ತೆ ಕೇಳಿಯೇ ಕೇಳುತ್ತಾರೆ. ಕಳಿಸಿದ್ದರ ಪಕ್ಕ ಮೂಡುವ ಟಿಕ್ ಗೆರೆಗಳ ಅರ್ಥ ಹೀಗೆ. ಒಂದು ಬೂದು ಗೆರೆ, ನಿಮ್ಮಿಂದ ಹೊರಟಿತು. ಎರಡು, ಅವರಿಗೆ ಮುಟ್ಟಿತು. ನೀಲಿ, ಅವರು ತೆರೆದರು. ಈ ನೀಲಿ ಬಂದದ್ದು 2014ರ ನವೆಂಬರ್‌ನಲ್ಲಿ, ಅಲ್ಲಿಂದೀಚೆಗೆ ನಂಟರೊಳಗಿನ ಮುನಿಸಿಗೆ ಒಂದು ಹೊಸ ಆಧಾರ ಸಿಕ್ಕಿತು. ನೀಲಿಯಾಗಿ ಹತ್ತು ನಿಮಿಷವಾದರೂ ವಿಜ್ಞಾನಿ ಉತ್ತರಿಸಲಿಲ್ಲ ಎಂದು ಅವರಿಗೆ ಫೋನು ಮಾಡಬೇಡಿ. ಅವರಿಗೆ ಬೇರೆಯವರ ಸೋಗೆಗಳೂ ಇವೆ. ಮತ್ತೆ, ಒಂದು ಶುಭೋದಯವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಕಳಿಸಲು ಆಗುವುದಿಲ್ಲ ಎಂದು ದೂರಿದ್ದಿರಿ. ಅದು ನಿಮ್ಮ ಫೋನಿನ ದೋಷವಲ್ಲ, ಸುಳ್ಳು ಸುದ್ದಿ ಹರಡಿ ಜೀವ ಹೋದ ಮೇಲೆ 2018ರಲ್ಲಿ ನಮ್ಮ ದೇಶಕ್ಕೆಂದೇ ಹಾಕಿದ ಮಿತಿ. ಹಾಗೇ ಇರಲಿ.

ಇಂಟರ್ನೆಟ್ ಹಂಚುವುದು

ಗುಡ್ಡದ ಅಬ್ಬಿಯ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆಗೆ ಹರಿಸಿಕೊಂಡು, ಬಾನಿ ತುಂಬಿದ ಮೇಲೆ ಪಕ್ಕದ ಮನೆಗೂ ಒಂದು ದಬ್ಬೆ ಇಟ್ಟುಕೊಟ್ಟ ಹಾಗೆ, ಇದಿಷ್ಟೇ ಹಾಟ್‌ಸ್ಪಾಟ್. ಫೋನು ಆ ಕಡೆಯಿಂದ ಟವರಿನ ನೆಟ್ ಹಿಡಿದು ಈ ಕಡೆಗೆ ವೈಫೈ ಮಾಡಿ ಬಿಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆನ್ ಮಾಡಿ. ಹುಡುಗಿ ತನ್ನ ಫೋನಿನಲ್ಲಿ ನಿಮ್ಮ ಹೆಸರು ಹುಡುಕಿ ಪಾಸ್‌ವರ್ಡ್ ಹಾಕಿದರೆ ಆಯಿತು.

ಪಾಸ್‌ವರ್ಡಿಗೆ ಕಡಿಮೆ ಅಂದರೆ ಎಂಟು ಅಕ್ಷರ ಬೇಕು. ಅಡಿಕೆ ಎಂದು ಇಂಗ್ಲಿಷಿನಲ್ಲಿ ಬರೆದರೆ ಐದೇ ಅಕ್ಷರ ಆಗುತ್ತದೆಂದು ನೀವು ಅದರ ಮುಂದೆ ಅವತ್ತಿನ ರಾಶಿ ಅಡಿಕೆಯ ಕ್ವಿಂಟಾಲ್ ದರ ಸೇರಿಸಿದಿರಿ. ಜಾಣತನವೇ. ಆದರೆ ದರ ಬದಲಾದಾಗಲೆಲ್ಲ ಪಾಸ್‌ವರ್ಡನ್ನೂ ಬದಲಿಸುತ್ತ ಹೋದಿರಿ. ಒಂಬತ್ತನೇ ಕ್ಲಾಸಿನ ಆ ಹುಡುಗಿ ಲೆಕ್ಕದ ಪಾಠ ನೋಡುವ ಮೊದಲು ಪೇಪರಿನ ವಾಣಿಜ್ಯ ಪುಟ ತೆರೆದು ಶಿವಮೊಗ್ಗ ಮಾರುಕಟ್ಟೆಯ ಧಾರಣೆ ನೋಡಬೇಕಾಗಿದೆ. ಅವಳೀಗ ದರ ಇಳಿಯುವ ಮುನ್ಸೂಚನೆಯನ್ನೂ ಹೇಳುತ್ತಾಳಂತೆ. ಒಂದು ಪಾಸ್‌ವರ್ಡ್ ಇಟ್ಟು ಸುಮ್ಮನಿರಿ.

ಗೋಡೆಯ ವಿಷಯ. ವೈಫೈಯ ಅಲೆ ಸೆಕೆಂಡಿಗೆ 240 ಕೋಟಿ ಸಲ ಮಿಡಿಯುತ್ತದೆ. ಒಂದು ಅಲೆಯಿಂದ ಇನ್ನೊಂದಕ್ಕೆ ಅರ್ಧ ಗೇಣು ದೂರ. ನೀರು ಕಂಡರೆ ಇದಕ್ಕೆ ಆಗದು, ನೀರು ಅದನ್ನು ಕುಡಿದುಬಿಡುತ್ತದೆ. ನಮ್ಮ ಹಳೇ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ; ಆಷಾಢದಲ್ಲಿ ಅದು ಗೋಡೆಯಲ್ಲ, ನಿಂತ ಕೆರೆ. ಹುಡುಗಿ ತಮ್ಮ ಜಗುಲಿಯಲ್ಲಿ ಕೂತು, ನೀವು ಒಳಗೆ ಮಂಚದ ಮೇಲೆ ಫೋನು ಇಟ್ಟುಕೊಂಡರೆ ಏನೂ ದಾಟುವುದಿಲ್ಲ. ಫೋನನ್ನು ಕಿಟಕಿಗೆ ಇಡಿ. ಕಿಟಕಿಯ ಎದುರು ನೀವೇ ನಿಲ್ಲಬೇಡಿ. ಮನುಷ್ಯನ ಮೈಯೂ ಬಹುಪಾಲು ನೀರೇ. ಸೆಟ್ಟಿಂಗ್ಸಿನಲ್ಲಿ 5 ಗಿಗಾಹರ್ಟ್ಸ್ ಎಂದು ಕಂಡರೆ ಆಸೆಪಡಬೇಡಿ, ಅದಕ್ಕೆ ಓಟ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯ ಫೋಟೋ ನೀವೂ ನೋಡಿದ್ದಿರಿ. ಸುರಿಯುವ ಮಳೆ, ರಸ್ತೆ ಬದಿಯಲ್ಲಿ ಕೂತು ಫೋನಿನಲ್ಲಿ ಪಾಠ ಕೇಳುವ ಮಗಳು, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ನೆಟ್ ಸಿಗದವರ ಆ ಚಿತ್ರ ನೆಟ್ ಇದ್ದವರ ಫೋನುಗಳಲ್ಲೆಲ್ಲ ಓಡಾಡಿತು. ನೀವು ಅದನ್ನು ಯಾರಿಗೂ ಕಳಿಸಲಿಲ್ಲ. ಮಾರನೇ ದಿನ ನನಗೆ ಫೋನು ಮಾಡಿ, "ಈ ಹಂಚದು ಹೆಂಗೆ ಅಂತ ಹೇಳು" ಅಂದಿರಿ. ಆಗ ಹೇಳದೆ ಮುಂದೆ ಹಾಕಿದವನು ನಾನು.

ಹಂಚುವುದರ ಲೆಕ್ಕ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ದಿನಗೂಲಿಯ ಹಾಗೆ ಆಗಿದೆ. ನಿಮ್ಮ ಪ್ಯಾಕಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಉಳಿಸಿ ನಾಳೆಗೆ ಇಟ್ಟುಕೊಳ್ಳಲು ಬರುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಹಳೆಯದು ಚೆಲ್ಲಿ ಹೊಸದು ತುಂಬುತ್ತದೆ. ಆದ್ದರಿಂದ ಹುಡುಗಿಗೆ ಕೊಟ್ಟದ್ದರಿಂದ ನಿಮಗೆ ನಷ್ಟವೇನೂ ಇಲ್ಲ, ನೀವು ಹೇಗೂ ಕಾಲು ಭಾಗವೂ ಮುಗಿಸುವುದಿಲ್ಲ. ಹೆಪ್ಪಿಗೆ ಮಜ್ಜಿಗೆ ಕೊಟ್ಟ ಹಾಗೆ.

ತೊಂದರೆ ಹುಡುಗಿಯಿಂದಲ್ಲ, ನಮ್ಮಿಂದ. ಮೊದಲೆಲ್ಲ ಮನೆಗೆ ಬಂದವರಿಗೆ ಕಾಲಿಗೆ ನೀರು, ಕುಡಿಯಲು ಬೆಲ್ಲ-ನೀರು ಕೊಡುತ್ತಿದ್ದಿರಿ. ಈಗ ನಾವು ಬೆಂಗಳೂರಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ದೊಡ್ಡಪ್ಪಾ, ಪಾಸ್‌ವರ್ಡ್?" ಅನ್ನುತ್ತೇವೆ. ದೀಪಾವಳಿಗೆ ಏಳು ಫೋನು ನಿಮ್ಮ ಒಂದು ಫೋನಿಗೆ ಜೋತುಬಿದ್ದಿದ್ದವು. ಹತ್ತೇ ನಿಮಿಷದಲ್ಲಿ ಡೇಟಾ ಖಾಲಿ. ಯಾರೂ ಸಿನಿಮಾ ನೋಡುತ್ತಿರಲಿಲ್ಲ, ಎಲ್ಲರೂ ಚಕ್ಕುಲಿ ತಿನ್ನುತ್ತಿದ್ದರು. ಆದದ್ದೇನೆಂದರೆ, ನಮ್ಮ ಫೋನುಗಳಿಗೆ ವೈಫೈ ಕಂಡ ಕೂಡಲೇ ಪುಕ್ಕಟೆ ನೆಟ್ ಸಿಕ್ಕಿತೆಂದು ಖುಷಿ. ಅದು ಇನ್ನೊಬ್ಬರ ದಿನದ ಪಡಿ ಎಂದು ಅವಕ್ಕೆ ತಿಳಿಯದು. ತಮ್ಮ ಹಳೇ ಫೋಟೋಗಳನ್ನೆಲ್ಲ ಮೇಲಕ್ಕೆ ಸಾಗಿಸಲು, ಆ್ಯಪುಗಳ ಹೊಸ ಆವೃತ್ತಿ ಇಳಿಸಲು ತಾವೇ ಶುರು ಮಾಡಿದವು. ನನ್ನ ಫೋನು ನಿಮ್ಮ ಅಟ್ಟದ ಮೇಲಿನ ಮೂರು ಕಡ್ಡಿ ಟವರಿನಲ್ಲಿ, ನಾನು ಹೋದ ವರ್ಷ ತೆಗೆದ ಪಾರ್ಕಿಂಗ್ ಚೀಟಿಗಳ ಫೋಟೋ ಸಾಗಿಸುತ್ತಿತ್ತು. ಮುಂದಿನ ಸಲ ನಾವು ಬಂದಾಗ 'ಇದು ಮಿತಿಯುಳ್ಳ ಸಂಪರ್ಕ' ಎಂಬ ಆಯ್ಕೆಯನ್ನು ನಮ್ಮ ಫೋನಿನಲ್ಲಿ ಹಾಕಿಕೊಂಡರಷ್ಟೇ ಪಾಸ್‌ವರ್ಡ್ ಕೊಡಿ. ನನಗೂ.

ಖಾಲಿಯಾದ ಮೇಲೆ ನೆಟ್ ಪೂರ್ತಿ ನಿಲ್ಲುವುದಿಲ್ಲ, ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿದು ತೆವಳುತ್ತದೆ. ಆ ವೇಗದಲ್ಲಿ ನಿಮ್ಮ ಸೋಗೆಯ 4 ಎಂಬಿ ಡಾಕ್ಯುಮೆಂಟು ಹೋಗಲು ಎಂಟು ನಿಮಿಷದ ಮೇಲೆ ಬೇಕು. ಹಲಸಿನ ಮರದ ಬುಡದಲ್ಲಿ ಕೂತು ಒಂದು ಕವಳ ಹಾಕಿಕೊಳ್ಳಿ. ಬೆರಳು ಒರೆಸಿಕೊಳ್ಳಿ. ತಾಳ್ಮೆಗೆಟ್ಟು ಮತ್ತೆ ಮತ್ತೆ ಬಾಣ ಒತ್ತಬೇಡಿ. ಒತ್ತಿದಷ್ಟೂ ಪ್ರತಿ ಹೋಗುತ್ತದೆ. ವಿಜ್ಞಾನಿಗೆ ಮೊನ್ನೆ ಒಂದೇ ಸೋಗೆ ಒಂಬತ್ತು ಸಲ ತಲುಪಿ, ಒಂಬತ್ತು ಮರಕ್ಕೆ ರೋಗ ಎಂದು ಅವರು ಬರೆದುಕೊಂಡಿದ್ದರು.

ಇನ್ನು ಕೆಲವು

ಹಾಟ್‌ಸ್ಪಾಟ್ ಆನ್ ಇದ್ದಾಗ ಫೋನು ಬಿಸಿಯಾಗುತ್ತದೆ. ಜ್ವರ ಎಂದು ದೊಡ್ಡಮ್ಮ ಅದರ ಮೇಲೆ ಒದ್ದೆ ಬಟ್ಟೆ ಹಾಕಿದ್ದು ಕೇಳಿದೆ. ಬೇಡ. ನೆರಳಲ್ಲಿ ಕಲ್ಲಿನ ಮೇಲೆ ಇಟ್ಟರೆ ಸಾಕು. ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಎರಡು ಫೋನು ಪಕ್ಕಪಕ್ಕದಲ್ಲೇ ಇದ್ದರೆ ಚಿತ್ರ ಕಳಿಸಲು ನೆಟ್ ಬೇಕಾಗಿಯೇ ಇಲ್ಲ, ಬ್ಲೂಟೂತ್ ಸಾಕು. ಅದು ಸಾವಿರ ವರ್ಷದ ಹಿಂದಿನ ಡೆನ್ಮಾರ್ಕಿನ ರಾಜನ ಅಡ್ಡಹೆಸರು, ಅವನ ವೇಗದಲ್ಲೇ ಹೋಗುತ್ತದೆ. ಮೊದಲು ಹುಡುಗರು ಇದಕ್ಕೆ ಬಳಸುತ್ತಿದ್ದ ಶೇರ್‌ಇಟ್, ಕ್ಸೆಂಡರ್ ಎರಡೂ 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದ 59 ಆ್ಯಪುಗಳ ಪಟ್ಟಿಯಲ್ಲಿ ಹೋದವು.

ಫೋನು ಪೂರ್ತಿ ಹಟ ಹಿಡಿದರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ. ನಾನು ಬೆಂಗಳೂರಿನಲ್ಲಿ ಸಂಬಳ ತೆಗೆದುಕೊಂಡು ಮಾಡುವುದೂ ಬಹುಪಾಲು ಇದನ್ನೇ.

ಈ ಕೈಪಿಡಿಯ ಬಗ್ಗೆ

ಇದನ್ನು ಮೊದಲು ಕೈಯಲ್ಲಿ ಬರೆದು, ಆರು ಹಾಳೆಯನ್ನೂ ಫೋಟೋ ತೆಗೆದು ನಿಮಗೆ ಕಳಿಸಿದ್ದೆ. ಅವಸರದಲ್ಲಿ ಫೋಟೋ ಎಂದೇ ಕಳಿಸಿದ್ದೆ, ಡಾಕ್ಯುಮೆಂಟ್ ಎಂದಲ್ಲ. ಅಕ್ಷರದ ಅಂಚು, ಒತ್ತು, ದೀರ್ಘದ ಬಾಲ ಇವೂ ನವುರಾದ ಸಾಮಾನೇ ಎಂಬುದು ಹೊಳೆದದ್ದು ನಿಮ್ಮ ಉತ್ತರ ಬಂದ ಮೇಲೆ: "ಎಂತ ಬರ್ದಿದೀಯ ಮಾರಾಯ, ಒಂದೂ ಒತ್ತಕ್ಷರ ಕಾಣದಿಲ್ಲ."

ಹಾಗಾಗಿ ಮತ್ತೊಮ್ಮೆ ದಪ್ಪಕ್ಷರದಲ್ಲಿ ಬರೆದು, ಸ್ಟಾಂಪು ಹಚ್ಚಿ, ಅಂಚೆಗೆ ಹಾಕಿದ್ದೇನೆ. ತಲುಪಿದ ಕೂಡಲೇ ಒಂದು ಫೋನ್ ಮಾಡಿ. ಫೋಟೋ ಬೇಡ.